ಗಾಳೆಮ್ಮನ ಸೊಲ್ಲು

ಕೊಟ್ರೇಶಪ್ಪನವರು ಮೂವತ್ತು ವರ್ಷ ಸಿನಿಮಾ ಸಂಕಲನ ಮಾಡಿದವರು. ಬೇರೆಯವರು ತೆಗೆದ ದೃಶ್ಯಗಳನ್ನು ಕತ್ತರಿಸಿ, ಜೋಡಿಸಿ, ಒಂದು ದಿನ ಸಾಕೆನಿಸಿ ಎದ್ದು ಬಂದರು. ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಅವರಿಗೊಂದು ಕೋಣೆ ಸಿಕ್ಕಿತು.

ಕಲಿಯಲು ಬಂದವರನ್ನು ಅವರು ಬೇಡ ಅನ್ನುತ್ತಿರಲಿಲ್ಲ. ಬನ್ನಿ ಎಂದು ಕರೆಯುತ್ತಲೂ ಇರಲಿಲ್ಲ.

ಆ ವರ್ಷ ಶಿವಗಂಗಾ ಬಂದಳು.

ಅವಳು ಸಿನಿಮಾ ಕಲಿಸುವ ಕಾಲೇಜೊಂದರ ಕೊನೆಯ ವರ್ಷದ ವಿದ್ಯಾರ್ಥಿನಿ. ಒಂದು ಹಾಡನ್ನು ಆರಿಸಿ, ಅದಕ್ಕೆ ಚಿತ್ರ ಮಾಡಿ ಒಪ್ಪಿಸಿದರೆ ಪದವಿ. ಚಿತ್ರ ಐದು ನಿಮಿಷ ಮೀರಬಾರದು. ಕಾಲೇಜಿನ ಕ್ಯಾಮೆರಾ ಒಬ್ಬೊಬ್ಬರಿಗೆ ಒಂದೇ ದಿನ.

ಹಿಂದಿನ ವರ್ಷವೂ ಅವಳು ಒಂದು ಚಿತ್ರ ಒಪ್ಪಿಸಿದ್ದಳು. ಪರೀಕ್ಷಕರು ಅದರ ಮೇಲೆ ಎರಡೇ ಪದ ಬರೆದು ಹಿಂದಕ್ಕೆ ಕಳಿಸಿದ್ದರು. 'ತುಂಬಾ ಎಳೆದಿದೆ.'

ಮೂರನೇ ಅವಕಾಶ ಇರಲಿಲ್ಲ.

ಹಾಡು ಮಾತ್ರ ಸುಲಭವಾಗಿ ಸಿಕ್ಕಿತು. ಆಶ್ರಮಕ್ಕೆ ಬಂದ ಮೊದಲ ದಿನವೇ ದಾಸೋಹದ ಅಡುಗೆಮನೆಯಿಂದ ಕೇಳಿಸಿತು. ಹುಲಿಗೆಮ್ಮ ಎಂಬ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು. ಶಿವಗಂಗಾ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡಳು.

ಹಾಡಿನಲ್ಲಿ ಒಂಬತ್ತು ಸೊಲ್ಲುಗಳಿದ್ದವು. ಒಂದು ಸೊಲ್ಲು ಮುಗಿದ ಮೇಲೆ ಹುಲಿಗೆಮ್ಮ ಸುಮ್ಮನಾಗುತ್ತಿದ್ದಳು. ಅಷ್ಟೇ ಹೊತ್ತಿನ ಮೇಲೆ ಇನ್ನೊಂದು ಸೊಲ್ಲು ಎತ್ತುತ್ತಿದ್ದಳು. ಎಲ್ಲ ಸೇರಿ ಏಳು ನಿಮಿಷ.

ಶಿವಗಂಗಾ ಕಂಪ್ಯೂಟರಿನಲ್ಲಿ ಆ ಖಾಲಿಗಳನ್ನೆಲ್ಲ ತೆಗೆದಳು. ವೇಗವನ್ನೂ ಚೂರು ಏರಿಸಿದಳು. ಕೆಳಗೆ ಗಿಟಾರ್ ಸೇರಿಸಿದಳು. ಹಾಡು ಮೂರು ನಿಮಿಷದ ಆಸುಪಾಸಿಗೆ ಇಳಿಯಿತು.

ಆಮೇಲೆ ಶಾಟುಗಳ ಪಟ್ಟಿ ಮಾಡಿದಳು. ಅದಕ್ಕೆ ಎರಡು ವಾರ ಹಿಡಿಯಿತು. ಪಟ್ಟಿಯನ್ನು ಕೊಟ್ರೇಶಪ್ಪನವರ ಮುಂದೆ ಇಟ್ಟಳು.

"ಎಷ್ಟಿವೆ?" ಎಂದರು ಅವರು.

"ತೊಂಬತ್ತಾರು, ಸರ್."

"ಓದು."

"ಎಲ್ಲಾನೂ?"

"ಹಾಡು ಹಾಕಿಕೊಂಡು ಓದು. ಹಾಡು ಮುಗಿದಾಗ ಪಟ್ಟಿನೂ ಮುಗೀಬೇಕು."

ಶಿವಗಂಗಾ ಹಾಡು ಹಾಕಿ ಓದತೊಡಗಿದಳು. ಬಂಡೆಗಳ ಮೇಲೆ ಕೆಂಪು ಸೀರೆಯ ಹುಡುಗಿ ಓಡುವುದು. ಹುಡುಗಿಯ ಪಾದ. ಪಾದದ ಗೆಜ್ಜೆ. ನೀರಿಗೆ ಬೀಳುವ ಕಲ್ಲು. ಮೇಲಿನಿಂದ ಹೊಳೆ. ಮತ್ತೆ ಹುಡುಗಿ. ಅವಳ ಕಣ್ಣು. ಹಾರುವ ಹಕ್ಕಿ.

ಉಸಿರು ಸಿಕ್ಕಿಕೊಂಡಿತು. ಇನ್ನೂ ಬೇಗ ಓದಿದಳು. ನಾಲಿಗೆ ತೊಡರಿತು. ಐವತ್ತೆಂಟನೇ ಶಾಟಿಗೆ ಬರುವಾಗ ಹಾಡು ಮುಗಿದಿತ್ತು.

"ಓದೋಕೇ ಹೊತ್ತು ಸಾಲಲಿಲ್ಲ," ಎಂದರು ಕೊಟ್ರೇಶಪ್ಪ. "ನೋಡೋರು ಏನು ಮಾಡ್ಬೇಕು?"

"ಕಣ್ಣು ನಾಲಿಗೆಗಿಂತ ಬೇಗ ಓಡುತ್ತೆ, ಸರ್."

"ಓಡಿ ಎಲ್ಲಿಗೆ ಹೋಗುತ್ತೆ?"

ಶಿವಗಂಗಾ ಪಟ್ಟಿಯನ್ನು ಕೆಳಗಿಟ್ಟಳು. "ಸರ್, ಹೋದ ವರ್ಷ ಎಳೆದಿದೆ ಅಂದರು. ಈ ಸಲ ಹಾಗಾಗಬಾರದು."

"ಆ ಹುಡುಗಿ ಯಾರು? ಕೆಂಪು ಸೀರೆ?"

"ನನ್ನ ಕ್ಲಾಸಿನವಳು. ಹಾಡಿಗೆ ತುಟಿ ಆಡಿಸ್ತಾಳೆ."

"ಹಾಡಿದವಳು?"

"ಅವರು ಅಡುಗೆಮನೆಯಲ್ಲಿ ಇರ್ತಾರಲ್ಲ ಸರ್."

"ಈ ಹಾಡನ್ನ ಅವಳು ಕೇಳಿದ್ದಾಳಾ?"

"ಅವರದೇ ಹಾಡು. ಕೇಳೋದೇನಿದೆ?"

ಕೊಟ್ರೇಶಪ್ಪನವರು ಪಟ್ಟಿಯನ್ನು ಮಡಚಿ ಅವಳ ಕೈಗೆ ಕೊಟ್ಟರು. "ಕೇಳಿಸಿ ಬಾ," ಎಂದರು.

*

ಅಡುಗೆಮನೆಯಲ್ಲಿ ಎರಡು ಒಲೆಗಳು ಅಕ್ಕಪಕ್ಕ ಇದ್ದವು. ಒಂದರ ಮುಂದೆ ಹುಲಿಗೆಮ್ಮ ಕೂತಿದ್ದಳು. ಇನ್ನೊಂದರ ಮೇಲೆ ದೊಡ್ಡ ಪಾತ್ರೆಯಲ್ಲಿ ಬೇಳೆ ಬೇಯುತ್ತಿತ್ತು.

"ದೊಡ್ಡವ್ವ, ನಿಮ್ಮ ಹಾಡು ತಂದೀನಿ. ಕೇಳ್ರಿ."

"ನನ್ನ ಹಾಡಾ?" ಹುಲಿಗೆಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಯಾವಾಗ ಹಿಡ್ಕೊಂಡಿ?"

"ಮೊದಲ ದಿನಾನೇ. ಬಾಗಿಲಲ್ಲಿ ನಿಂತಿದ್ದೆ."

ಹಾಡು ಶುರುವಾಯಿತು. ಹುಲಿಗೆಮ್ಮ ತಲೆ ಓರೆ ಮಾಡಿ ಕೇಳಿದಳು. ಮೊದಲು ನಕ್ಕಳು. ಎರಡನೇ ಸೊಲ್ಲಿಗೆ ನಗು ನಿಂತಿತು. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿತು.

"ಯಾರವ್ವ ಈಕಿ?" ಎಂದಳು. "ಯಾರೋ ಬೆನ್ನು ಹತ್ತಿದಂಗ ಹಾಡ್ತಾಳ."

"ನೀವೇ, ದೊಡ್ಡವ್ವ. ಸ್ವಲ್ಪ ವೇಗ ಮಾಡೀನಿ."

ಹುಲಿಗೆಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ ಮೊಬೈಲಿನ ಹಿಂದೆ ಇಣುಕಿದಳು, ಅಲ್ಲಿ ಇನ್ನೇನಾದರೂ ಉಳಿದಿರಬಹುದು ಅನ್ನುವ ಹಾಗೆ.

"ನಮ್ಮ ಗಾಳೆಮ್ಮನ್ನ ಎಲ್ಲಿ ಇಟ್ಟಿ?"

"ಯಾರು?"

"ನನ್ನ ತಂಗಿ. ನಾನೊಂದು ಸೊಲ್ಲು ಹಾಡಿದರ ಆಕಿ ಒಂದು ಸೊಲ್ಲು ಹಾಡತಾಳ. ನಂದು ಅಷ್ಟೂ ಐತಿ. ಆಕೀದು ಒಂದೂ ಇಲ್ಲ."

"ಅವತ್ತು ಇಲ್ಲಿ ಬೇರೆ ಯಾರೂ ಹಾಡಲಿಲ್ಲ, ದೊಡ್ಡವ್ವ. ನೀವು ಒಬ್ಬರೇ ಇದ್ರಿ."

"ಆಕಿ ಹೋಗಿ ಎರಡು ವರ್ಷ ಆತು," ಎಂದಳು ಹುಲಿಗೆಮ್ಮ.

ಬೇಳೆ ಕುದಿಯುತ್ತಿತ್ತು.

"ಇಪ್ಪತ್ತೆರಡು ವರ್ಷ ಈ ಒಲಿ ಮುಂದ ನಾನು, ಆ ಒಲಿ ಮುಂದ ಆಕಿ. ನಾ ರೊಟ್ಟಿ ಬಡಿವಾಗ ಹಾಡ್ತಿದ್ದೆ. ಅದನ್ನ ಹಂಚಿಗೆ ಹಾಕಿದ ಕೂಡಲೇ ನನ್ನ ಕೈ ನಿಲ್ಲತಿತ್ತು, ಆಕಿ ಕೈ ಶುರು ಆಗತಿತ್ತು. ಆಗ ಆಕಿ ಹಾಡ್ತಿದ್ದಳು. ಹಿಂಗ ನಮ್ಮ ಹಾಡು."

"ಈಗ ಆ ಹೊತ್ತಿನಲ್ಲಿ ನೀವು ಸುಮ್ಮನಿರ್ತೀರಿ."

"ಕೇಳತೀನಿ."

ಶಿವಗಂಗಾ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅವರು ಏನು ಹಾಡ್ತಿದ್ರು, ದೊಡ್ಡವ್ವ? ಹೇಳಿದ್ರೆ ನೀವೇ ಹಾಡಬಹುದಲ್ಲ. ಸೇರಿಸ್ತೀನಿ."

"ಅದು ಆಕಿ ಸೊಲ್ಲು," ಎಂದಳು ಹುಲಿಗೆಮ್ಮ. "ನಾ ಹ್ಯಾಂಗ ಹಾಡಲಿ?"

ಸಿಟ್ಟಿನಿಂದ ಹೇಳಿದ್ದಲ್ಲ. ಗೊತ್ತಿಲ್ಲದವರಿಗೆ ದಾರಿ ಹೇಳುವ ಹಾಗೆ ಹೇಳಿದಳು. ಮತ್ತೆ ಹಿಟ್ಟಿಗೆ ಕೈ ಹಾಕಿದಳು.

*

ಶಿವಗಂಗಾ ಮರಳಿ ಬಂದಾಗ ಕೊಟ್ರೇಶಪ್ಪನವರು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಒಗೆಯುತ್ತಿದ್ದರು.

"ನಾನು ಖಾಲಿ ಅಂದುಕೊಂಡು ತೆಗೆದೆ, ಸರ್."

"ಹೂಂ."

"ನಿಮಗೆ ಗೊತ್ತಿತ್ತು."

"ಹುಲಿಗೆಮ್ಮನ ರೊಟ್ಟಿ ಆರು ವರ್ಷದಿಂದ ಉಣ್ತಾ ಇದೀನಿ."

"ಮೊದಲೇ ಹೇಳಬಹುದಿತ್ತು."

"ಹೇಳಿದ್ದರೆ ಪಟ್ಟಿಯಲ್ಲಿ ತೊಂಬತ್ತೇಳನೇ ಶಾಟ್ ಆಗ್ತಿತ್ತು."

ಅವರು ಪಂಚೆ ಹಿಂಡಿದರು. ಶಿವಗಂಗಾ ಇನ್ನೊಂದು ತುದಿ ಹಿಡಿದುಕೊಂಡಳು.

"ಈಗ ಏನು ಮಾಡಲಿ?"

"ಕ್ಯಾಮೆರಾ ಯಾವತ್ತು ಸಿಗುತ್ತೆ?"

"ಹನ್ನೆರಡು ದಿನ ಇದೆ."

"ಹಾಗಾದರೆ ಹತ್ತು ದಿನ ರೊಟ್ಟಿ ಬಡಿ."

"ಸರ್, ನಾನು ಯೋಜನೆ ಮಾಡಬೇಕು. ಶಾಟ್ ಬರೀಬೇಕು, ಯಾವುದು ಎಷ್ಟು ಹೊತ್ತು ಅಂತ ಲೆಕ್ಕ ಹಾಕಬೇಕು."

"ಅದಕ್ಕೇ ಹೇಳಿದ್ದು," ಎಂದರು ಕೊಟ್ರೇಶಪ್ಪ.

*

ಮೊದಲ ದಿನ ಅವಳ ರೊಟ್ಟಿ ಹರಿಯಿತು. ಎರಡನೇ ದಿನ ಸೀದುಹೋಯಿತು. ಮೂರನೇ ದಿನ ಹುಲಿಗೆಮ್ಮ ಅವಳ ಮಣಿಕಟ್ಟು ಹಿಡಿದು, "ಕೈ ಬೇಗ ಆತು. ಹಿಟ್ಟು ಹಿಂದ ಬೀಳತೈತಿ," ಎಂದಳು.

"ಎಷ್ಟು ಬೇಗ ಬಡೀಬೇಕು?"

"ಹಿಟ್ಟು ಹರವಿಕೊಂಡಷ್ಟು."

ನಾಲ್ಕನೇ ದಿನ ಶಿವಗಂಗಾ ಒಂದು ಸಂಗತಿ ಗಮನಿಸಿದಳು. ಹಾಡಿನ ತಾಳ ಬೇರೆಲ್ಲಿಂದಲೂ ಬರುತ್ತಿರಲಿಲ್ಲ. ಅಂಗೈ ಹಿಟ್ಟಿಗೆ ಬೀಳುವುದೇ ತಾಳ. ರೊಟ್ಟಿ ದೊಡ್ಡದಾದಂತೆ ಬಡಿತ ಹಗುರಾಗುತ್ತಿತ್ತು, ಧ್ವನಿಯೂ ಹಗುರಾಗುತ್ತಿತ್ತು. ರೊಟ್ಟಿ ಹಂಚಿಗೆ ಬಿದ್ದ ಕ್ಷಣ ಎರಡೂ ನಿಲ್ಲುತ್ತಿದ್ದವು.

ಆಮೇಲೆ ಹುಲಿಗೆಮ್ಮ ಒದ್ದೆ ಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರುತ್ತಿದ್ದಳು. ಕೈ ಮೊಣಕಾಲ ಮೇಲೆ ಇಡುತ್ತಿದ್ದಳು. ನೀರು ಆರುವ ತನಕ ಕಾಯುತ್ತಿದ್ದಳು. ರೊಟ್ಟಿ ಮಗುಚಿ ಹಾಕಿದ ಮೇಲೆಯೇ ಮುಂದಿನ ಸೊಲ್ಲು.

ಹುಲಿಗೆಮ್ಮ ಹಾಡನ್ನು ಎಣಿಸುತ್ತಿರಲಿಲ್ಲ. ರೊಟ್ಟಿ ಎಣಿಸುತ್ತಿತ್ತು.

ಏಳನೇ ದಿನ ಶಿವಗಂಗಾಳ ರೊಟ್ಟಿ ಉಬ್ಬಿತು. ಹುಲಿಗೆಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಬೇರೆ ರೊಟ್ಟಿಗಳ ನಡುವೆ ಸೇರಿಸಿದಳು. ಹೊಗಳಲಿಲ್ಲ.

ಅವತ್ತು ಮಧ್ಯಾಹ್ನ ಶಿವಗಂಗಾ ಹೊಸ ಪಟ್ಟಿ ಬರೆದಳು. ಅದರಲ್ಲಿ ಇಪ್ಪತ್ತು ಶಾಟುಗಳಿದ್ದವು.

ಕೊಟ್ರೇಶಪ್ಪನವರು ಓದುತ್ತಾ ಬಂದು ಒಂದು ಕಡೆ ಬೆರಳಿಟ್ಟರು.

"ಇದೇನು? 'ಖಾಲಿ ಒಲೆ'?"

"ಗಾಳೆಮ್ಮನ ಸೊಲ್ಲು ಬರೋ ಹೊತ್ತಿಗೆ, ಸರ್. ಹುಲಿಗೆಮ್ಮ ಸುಮ್ಮನಾದಾಗ ಆ ಒಲೆ ತೋರಿಸ್ತೀನಿ. ಅಲ್ಲಿ ಯಾರೂ ಇಲ್ಲ ಅಂತ ಗೊತ್ತಾಗುತ್ತೆ."

"ಆ ಒಲೆ ಮೇಲೆ ಬೇಳೆ ಬೇಯುತ್ತಲ್ಲ?"

"ಶೂಟಿಂಗ್ ದಿನ ಇಳಿಸಿಡ್ತೀನಿ."

"ಮಂದಿ ಬರೀ ರೊಟ್ಟಿ ಉಣ್ಣಬೇಕಾ?"

ಶಿವಗಂಗಾ ನಕ್ಕಳು. ಅವರು ನಗಲಿಲ್ಲ.

"ಇಲ್ಲಿ 'ಗೋಡೆ ಮೇಲೆ ಗಾಳೆಮ್ಮನ ಫೋಟೋ'. ಫೋಟೋ ಇದೆಯಾ?"

"ಹುಲಿಗೆಮ್ಮನ ಮನೇಲಿ ಇದೆ. ತಂದು ಹಾಕ್ತೀನಿ."

"ಹುಲಿಗೆಮ್ಮ ಸುಮ್ಮನಾದಾಗ ಆ ಒಲೆ ಕಡೆ ನೋಡ್ತಾಳಾ?"

ಶಿವಗಂಗಾ ನೆನಪು ಮಾಡಿಕೊಂಡಳು. ಏಳು ದಿನ ಪಕ್ಕದಲ್ಲೇ ಕೂತಿದ್ದಳು.

"ಇಲ್ಲ. ರೊಟ್ಟಿ ನೋಡ್ತಾರೆ."

"ಮತ್ತೆ ನೀನ್ಯಾಕೆ ಆ ಕಡೆ ನೋಡ್ತೀ?"

ಅವಳು ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಳು.

ಮುಂದಿನ ಮೂರು ದಿನ ರೊಟ್ಟಿ ಬಡಿಯುತ್ತಾ ಹುಲಿಗೆಮ್ಮನ ಮುಖವನ್ನಷ್ಟೇ ನೋಡಿದಳು. ಸುಮ್ಮನಿರುವ ಹೊತ್ತು ಎಲ್ಲವೂ ಒಂದೇ ಥರ ಇರಲಿಲ್ಲ. ಎರಡನೇ ಸೊಲ್ಲಾದ ಮೇಲೆ ಹುಲಿಗೆಮ್ಮ ತುಟಿ ಬಿಗಿ ಹಿಡಿಯುತ್ತಿದ್ದಳು. ನಾಲ್ಕನೆಯದಾದ ಮೇಲೆ ಪ್ರತಿ ಸಲವೂ ನಗುತ್ತಿದ್ದಳು. ಆರನೆಯದಾದ ಮೇಲೆ ತಲೆ ಆಡಿಸುತ್ತಿದ್ದಳು, ಒಪ್ಪಿಕೊಳ್ಳುವವರ ಹಾಗೆ.

"ನಾಲ್ಕನೇದಕ್ಕೆ ಯಾಕೆ ನಗ್ತೀರಿ, ದೊಡ್ಡವ್ವ?"

"ನಗ್ತೀನಾ?" ಎಂದಳು ಹುಲಿಗೆಮ್ಮ. ಅವಳಿಗೇ ಗೊತ್ತಿರಲಿಲ್ಲ.

ಮೂರನೆಯ ಪಟ್ಟಿ ಅರ್ಧ ಹಾಳೆಗೆ ಮುಗಿಯಿತು. ಹನ್ನೊಂದು ಶಾಟುಗಳು. ಬಂಡೆ, ಹಕ್ಕಿ, ಕೆಂಪು ಸೀರೆ ಯಾವುದೂ ಇರಲಿಲ್ಲ. ಪ್ರತಿ ಶಾಟಿನ ಮುಂದೆ ಸೆಕೆಂಡು ಬರೆಯುವ ಜಾಗದಲ್ಲಿ 'ರೊಟ್ಟಿ ಮಗುಚುವ ತನಕ' ಎಂದು ಬರೆದಿದ್ದಳು.

ಹುಲಿಗೆಮ್ಮನ ಒಪ್ಪಿಗೆ ಕೇಳಿದಳು.

"ರೊಟ್ಟಿ ನಿಲ್ಲಂಗಿಲ್ಲ," ಎಂದಳು ಹುಲಿಗೆಮ್ಮ. "ಉಳಿದದ್ದು ನೀ ಏನರ ಮಾಡಿಕೋ."

*

ಕ್ಯಾಮೆರಾ ಬಂದ ದಿನ ಮೌನೇಶ ಜೊತೆಗೆ ಬಂದ. ಅವನು ಶಿವಗಂಗಾಳ ಸಹಪಾಠಿ, ಕ್ಯಾಮೆರಾ ನಡೆಸುವವನು. ಸಂಜೆ ಆರಕ್ಕೆ ಕ್ಯಾಮೆರಾವನ್ನು ಕಾಲೇಜಿಗೆ ತಲುಪಿಸಬೇಕಿತ್ತು.

ಬೆಳಿಗ್ಗೆ ಹತ್ತಕ್ಕೆ ಪೂರ್ವದ ಕಿಟಕಿಯಿಂದ ಬಿಸಿಲು ಹುಲಿಗೆಮ್ಮನ ಕೆನ್ನೆಯ ಮೇಲೆ ಬೀಳುತ್ತದೆ. ಶಿವಗಂಗಾ ಅದನ್ನು ಹತ್ತು ದಿನ ಗುರುತು ಮಾಡಿಟ್ಟುಕೊಂಡಿದ್ದಳು. ಎಲ್ಲ ಯೋಜನೆಯೂ ಆ ಬೆಳಕಿನ ಮೇಲೆ ನಿಂತಿತ್ತು.

ಕೊಟ್ರೇಶಪ್ಪನವರು ಬಾಗಿಲ ಬಳಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

ಹುಲಿಗೆಮ್ಮ ಮೊದಲ ಸೊಲ್ಲು ಎತ್ತಿದಳು.

*ಹೊಳಿ ದಂಡಿಗೆ ಬಂದು ನಿನ ಹೆಸರ ಕೂಗಿದೆ...*

ರೊಟ್ಟಿ ಹಂಚಿಗೆ ಬಿತ್ತು. ಮೌನ. ರೊಟ್ಟಿ ಮಗುಚಿತು. ಎರಡನೇ ಸೊಲ್ಲು. ಮತ್ತೆ ಮೌನ.

ಮೂರನೇ ಸೊಲ್ಲಾದ ಮೇಲಿನ ಮೌನ ಅವತ್ತು ಉದ್ದವಾಯಿತು. ಹಂಚು ಸ್ವಲ್ಪ ಆರಿತ್ತೋ ಏನೋ, ರೊಟ್ಟಿಯ ಮೇಲಿನ ನೀರು ಬೇಗ ಇಂಗಲಿಲ್ಲ. ಹುಲಿಗೆಮ್ಮ ಮೊಣಕಾಲ ಮೇಲೆ ಕೈ ಇಟ್ಟು ಕೂತೇ ಇದ್ದಳು. ಕ್ಯಾಮೆರಾ ಓಡುತ್ತಿತ್ತು. ಏನೂ ಆಗುತ್ತಿರಲಿಲ್ಲ.

ಶಿವಗಂಗಾಳ ಕಿವಿಯಲ್ಲಿ ಹಳೆಯ ಎರಡು ಪದ ಎದ್ದವು. ತುಂಬಾ ಎಳೆದಿದೆ.

"ಕಟ್," ಎಂದಳು.

ಹುಲಿಗೆಮ್ಮ ಬೆಚ್ಚಿದಳು. ಎದುರಿಗೆ ಯಾರಿದ್ದಾರೆಂದು ಒಂದು ಕ್ಷಣ ಗೊತ್ತಾಗದವಳ ಹಾಗೆ ನೋಡಿದಳು.

"ಆಕಿ ಇನ್ನಾ ಮುಗಿಸಿದ್ದಿಲ್ಲ," ಎಂದಳು.

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಹುಲಿಗೆಮ್ಮ ಅದನ್ನು ತೆಗೆದು ಪಕ್ಕಕ್ಕೆ ಒಗೆದಳು. ಉಳಿದ ರೊಟ್ಟಿಗಳನ್ನು ಬಾಯಿ ಮುಚ್ಚಿಕೊಂಡೇ ಬಡಿದಳು. ಹಾಡು ಮತ್ತೆ ಬರಲಿಲ್ಲ.

"ತಪ್ಪಾಯ್ತು, ದೊಡ್ಡವ್ವ."

"ಮಂದಿ ಉಣ್ಣಾಕ ಬರೋ ಹೊತ್ತಾತು," ಎಂದು ಹುಲಿಗೆಮ್ಮ ಎದ್ದಳು. "ಇನ್ನ ಆಮ್ಯಾಲೆ ನೋಡೋಣು."

ಮೌನೇಶ ಕಿಟಕಿಯತ್ತ ನೋಡಿ, "ಬೆಳಕು ಹೋಗುತ್ತೆ, ಶಿವಗಂಗಾ. ಏನಾದ್ರೂ ಹೇಳಿ ಕೂರಿಸು," ಎಂದ.

ಶಿವಗಂಗಾ ಬಾಗಿಲಿಗೆ ಬಂದಳು.

"ತಪ್ಪು ಮಾಡಿದೆ, ಸರ್."

"ನನಗೆ ಯಾಕೆ ಹೇಳ್ತೀ?"

"ಹುಲಿಗೆಮ್ಮನಿಗೆ ಹೇಳಿದೆ."

"ನೀನು ಬಾಯಿ ಮುಚ್ಚಿಸಿದ್ದು ಅವಳದ್ದಲ್ಲವಲ್ಲ." ಕೊಟ್ರೇಶಪ್ಪನವರು ತಲೆ ಎತ್ತದೆ ಸೊಪ್ಪು ಬಿಡಿಸುತ್ತಲೇ ಇದ್ದರು.

ಶಿವಗಂಗಾ ಒಳಗೆ ಹೋಗಿ ಎರಡನೇ ಒಲೆಯ ಮುಂದೆ ನಿಂತಳು. ಅಲ್ಲಿ ಯಾರಿಗೆ, ಏನು ಹೇಳಬೇಕೆಂದು ತಿಳಿಯಲಿಲ್ಲ. ಬೇಳೆ ತಳ ಹಿಡಿಯುವ ವಾಸನೆ ಬಂತು. ಸೌಟು ತೆಗೆದುಕೊಂಡು ಕಲಕಿದಳು. ಆಮೇಲೆ ಅಲ್ಲಿಯೇ ಕೂತು, ಉರಿ ಕಡಿಮೆ ಮಾಡಿ, ಬೇಳೆ ಬೇಯುವ ತನಕ ಕಲಕುತ್ತಾ ಇದ್ದಳು.

ಬಿಸಿಲು ಕಿಟಕಿಯಿಂದ ಜಾರಿ ಹೋಯಿತು.

ಊಟಕ್ಕೆ ಇನ್ನೂರು ಮಂದಿ ಬಂದರು. ಶಿವಗಂಗಾ ಬೇಳೆ ಬಡಿಸಿದಳು. ಮೌನೇಶ ಕ್ಯಾಮೆರಾವನ್ನು ಚೀಲದಲ್ಲಿಟ್ಟು ನೀರು ಕೊಟ್ಟ. ಎಂಜಲು ತೆಗೆದು, ಪಾತ್ರೆ ತೊಳೆದು ಮುಗಿಸುವಾಗ ಮೂರು ದಾಟಿತ್ತು.

ಹುಲಿಗೆಮ್ಮ ಸಂಜೆಯ ರೊಟ್ಟಿಗೆ ಹಿಟ್ಟು ನಾದಿಕೊಂಡು ಒಲೆಯ ಮುಂದೆ ಕೂತಳು. ಅಲ್ಲಿಂದಲೇ ಕರೆದಳು.

"ಯವ್ವಾ, ಎಲ್ಲಿ ನಿನ್ನ ಡಬ್ಬಿ? ತರೂದಿಲ್ಲೇನು?"

ಬೆಳಕು ಈಗ ಪಡುವಣ ಬಾಗಿಲಿಂದ ಬರುತ್ತಿತ್ತು. ಅದು ಹುಲಿಗೆಮ್ಮನ ಬೆನ್ನ ಮೇಲೆ ಬಿದ್ದಿತ್ತು.

"ಮುಖ ಅರ್ಧ ಕತ್ತಲಲ್ಲಿದೆ," ಎಂದ ಮೌನೇಶ.

"ಅರ್ಧ ಕಾಣುತ್ತಲ್ಲ, ಸಾಕು," ಎಂದಳು ಶಿವಗಂಗಾ.

ಅವಳು ನೆಲದ ಮೇಲೆ ಕೂತಳು. ಕೈಯಲ್ಲಿ ಪಟ್ಟಿ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಸಂಜೆಯ ರೊಟ್ಟಿಗೆ ಹಾಡು ಮೂರು ಸಲ ಬಂತು. ಮೂರು ಸಲವೂ ಕ್ಯಾಮೆರಾ ಬೇರೆ ಬೇರೆ ಕಡೆ ನಿಂತಿತು. ಪ್ರತಿ ರೊಟ್ಟಿ ಮಗುಚುವ ತನಕ ಶಿವಗಂಗಾ ಬಾಯಿ ತೆರೆಯಲಿಲ್ಲ.

ಮೌನೇಶ ಬಸ್ಸಿಗೆ ಓಡಿದ.

*

ಸಂಕಲನಕ್ಕೆ ಕೂತಾಗ ಹಾಡು ಆರು ನಿಮಿಷ ನಲವತ್ತು ಸೆಕೆಂಡು ಇತ್ತು.

"ಒಂದು ನಿಮಿಷ ನಲವತ್ತು ಹೆಚ್ಚಾಯ್ತು, ಸರ್. ಪ್ರತಿ ಮೌನದಿಂದ ಚೂರು ಚೂರು ತೆಗೆದರೆ ಯಾರಿಗೂ ಗೊತ್ತಾಗಲ್ಲ."

"ಯಾರಿಗೂ?"

ಶಿವಗಂಗಾ ಬೆರಳನ್ನು ಕೀಲಿಯಿಂದ ತೆಗೆದಳು.

ಎದ್ದು ಅಡುಗೆಮನೆಗೆ ಹೋದಳು. ಹುಲಿಗೆಮ್ಮನನ್ನು ಕೇಳಿದಳು: "ದೊಡ್ಡವ್ವ, ಹಾಡಲ್ಲಿ ಎರಡು ಸೊಲ್ಲು ಬಿಡಬೇಕು. ನಿಮ್ಮವು ಎರಡು, ಅವುಗಳ ಜೋಡಿ ಗಾಳೆಮ್ಮನವೂ ಎರಡು. ಯಾವುದು ಬಿಡಲಿ?"

ಹುಲಿಗೆಮ್ಮ ಯೋಚಿಸಿದಳು. ಒಂದು ರೊಟ್ಟಿ ಬೆಂದು ಇಳಿಯುವಷ್ಟು ಯೋಚಿಸಿದಳು.

"ಕಡೇ ಎರಡು ಬಿಡು," ಎಂದಳು. "ಅವು ನಾ ಕಟ್ಟಿದ್ದು. ಆಕಿಗೆ ಅವು ಸೇರತಿದ್ದಿಲ್ಲ. ಬರೀ ಅಳೂದು ಐತಿ ಅದರಾಗ ಅಂತಿದ್ದಳು."

ಏಳು ಸೊಲ್ಲು ಉಳಿದವು. ಐದು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ.

ಶಿವಗಂಗಾ ಶಾಟುಗಳನ್ನು ಜೋಡಿಸಿ ಗುರುಗಳಿಗೆ ತೋರಿಸಿದಳು. ಕೊಟ್ರೇಶಪ್ಪನವರು ಪರದೆಯ ಕಡೆ ನೋಡಲಿಲ್ಲ. ಅವಳ ಎದುರು ಕೂತು ಅವಳ ಮುಖವನ್ನೇ ನೋಡಿದರು.

"ಸರ್, ಚಿತ್ರ ಈ ಕಡೆ ಇದೆ."

"ಗೊತ್ತು."

ಮುಗಿದ ಮೇಲೆ ಹೇಳಿದರು: "ಎರಡು ಕಡೆ ನೀನು ಉಸಿರು ಹಿಡಿದೆ."

"ಯಾವಾಗ?"

"ನಿನಗೇ ಗೊತ್ತಿರುತ್ತೆ. ಕತ್ತರಿ ಎಲ್ಲಿ ಬರುತ್ತೆ ಅಂತ ಹೆದರಿ ಹಿಡಿದೆ. ಕತ್ತರಿಸಿದವಳೇ ಹೆದರಿದರೆ ಹೇಗೆ?"

ಅವಳು ಆ ಎರಡೂ ಕಡೆ ಕತ್ತರಿ ಸ್ವಲ್ಪ ತಡವಾಗಿ ಬರುವಂತೆ ಸರಿಸಿದಳು. ಮತ್ತೆ ತೋರಿಸಿದಳು. ಕೊಟ್ರೇಶಪ್ಪನವರು ಮತ್ತೆ ಅವಳ ಮುಖವನ್ನೇ ನೋಡಿದರು.

"ಕಳಿಸು," ಎಂದರು.

*

ಇಬ್ಬರು ಪರೀಕ್ಷಕರು ನೋಡಿದರು. ಒಬ್ಬರು ಈ ಸಲವೂ 'ಎಳೆದಿದೆ' ಎಂದು ಬರೆದರು. ಇನ್ನೊಬ್ಬರು ಏನೂ ಬರೆಯಲಿಲ್ಲ, ಅಂಕ ಮಾತ್ರ ಕೊಟ್ಟರು. ಶಿವಗಂಗಾ ಪಾಸಾದಳು. ಹೇಳಿಕೊಳ್ಳುವಂಥ ಅಂಕವೇನಲ್ಲ.

ಅವಳು ಲ್ಯಾಪ್‌ಟಾಪ್ ಹಿಡಿದು ಆಶ್ರಮಕ್ಕೆ ಬಂದಳು. ಮಧ್ಯಾಹ್ನದ ಊಟ ಮುಗಿದಿತ್ತು. ಜೋಳದ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಅಡುಗೆಯ ಎಂಟು ಹೆಂಗಸರು ಎದುರಿಗೆ ಕೂತರು. ಹುಲಿಗೆಮ್ಮನನ್ನು ನಡುವೆ ಕೂರಿಸಿದರು. ಕೊಟ್ರೇಶಪ್ಪನವರು ಗೋಡೆಗೆ ಒರಗಿ ನಿಂತರು.

ಚಿತ್ರ ಶುರುವಾಯಿತು. ಹುಲಿಗೆಮ್ಮನನ್ನು ಕಂಡು ಹೆಂಗಸರು ಕಿಸಕ್ಕನೆ ನಕ್ಕರು. ಮೊದಲ ಸೊಲ್ಲು ಮುಗಿಯಿತು.

ಮೌನ.

"ಕೆಟ್ಟಿತೇನ?" ಎಂದಳು ಒಬ್ಬಳು.

"ಸುಮ್ಮಕಿರ," ಎಂದಳು ಇನ್ನೊಬ್ಬಳು.

ಎರಡನೇ ಸೊಲ್ಲು. ಮೌನ. ಯಾರದೋ ಬಳೆ ಸದ್ದಾಯಿತು. ಮೂರನೇ ಸೊಲ್ಲು. ಮೌನ. ಈಗ ಯಾರೂ ಅಲುಗಲಿಲ್ಲ.

*ಹಿರಿಯಾಕಿ ನಾನಿರಲು ನೀ ಮೊದಲ ಯಾಕುಂಡಿ...*

ನಾಲ್ಕನೆಯದು ಮುಗಿಯಿತು. ಪರದೆಯ ಮೇಲಿನ ಹುಲಿಗೆಮ್ಮ ರೊಟ್ಟಿಗೆ ನೀರು ಸವರಿ, ಮೊಣಕಾಲ ಮೇಲೆ ಕೈ ಇಟ್ಟು, ಕೇಳುತ್ತಾ ನಕ್ಕಳು.

ನೆಲದ ಮೇಲೆ ಕೂತಿದ್ದ ಹುಲಿಗೆಮ್ಮ ತನ್ನ ನಗುವನ್ನು ಮೊದಲ ಸಲ ನೋಡಿದಳು. ಅವಳ ಬಾಯಿ ತೆರೆಯಿತು. ಬಂದದ್ದು ಅವಳ ಮಾಮೂಲಿ ಧ್ವನಿಯಲ್ಲ. ಅದಕ್ಕಿಂತ ತೆಳುವಾದದ್ದು, ಸ್ವಲ್ಪ ತುಂಟತನದ್ದು.

*ಹಸಿವಿಗೆ ಏನ ಗೊತ್ತ, ಹಿರಿಯಾಕಿ ಯಾರಂತ...*

ಹೆಂಗಸರು ಘೊಳ್ಳೆಂದು ನಕ್ಕರು. "ಗಾಳೆಮ್ಮ! ಥೇಟ್ ಗಾಳೆಮ್ಮ!" ಎಂದಳು ಒಬ್ಬಳು. ಹೇಳಿದವಳೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಪರದೆಯ ಮೇಲೆ ರೊಟ್ಟಿ ಮಗುಚಿತು. ಐದನೇ ಸೊಲ್ಲು ಎದ್ದಿತು.

ಚಿತ್ರ ಮುಗಿದ ಮೇಲೆ ಹುಲಿಗೆಮ್ಮ, "ಇನ್ನೊಮ್ಮಿ ಹಾಕವ್ವ," ಎಂದಳು.

ಶಿವಗಂಗಾ ಮತ್ತೆ ಹಾಕಿದಳು. ಈ ಸಲ ಹುಲಿಗೆಮ್ಮ ಮೊದಲ ಮೌನದಿಂದಲೇ ತೊಡಗಿದಳು.

*ಕೂಗಿದ್ದು ಕೇಳತೈತಿ, ಕೈ ಬಿಡುವಿಲ್ಲ ಅಕ್ಕಯ್ಯ...*

ಅವಳ ಸೊಲ್ಲು ಮುಗಿಯುವುದಕ್ಕೂ ಪರದೆಯ ಮೇಲೆ ರೊಟ್ಟಿ ಮಗುಚುವುದಕ್ಕೂ ಸರಿಹೋಯಿತು. ಒಂದು ಅಕ್ಷರ ಹೆಚ್ಚಾಗಲಿಲ್ಲ, ಒಂದು ಅಕ್ಷರ ಕಡಿಮೆಯಾಗಲಿಲ್ಲ. ಏಳು ಸಲವೂ ಹಾಗೇ ಆಯಿತು.

ಶಿವಗಂಗಾ ಹಿಂದೆ ನಿಂತು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಂಡಿದ್ದಳು.

ಕೊಟ್ರೇಶಪ್ಪನವರು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದರು. ಅವಳು ಅವರ ಹಿಂದೆಯೇ ಬಂದಳು.

"ಸರ್, ಕೇಳಿದ್ರಾ? ಗಾಳೆಮ್ಮನ ಸೊಲ್ಲು ಅಷ್ಟೂ ಸಿಕ್ಕಿದವು. ಹುಲಿಗೆಮ್ಮ ಒಪ್ಪಿದರೆ ಚಿತ್ರಕ್ಕೆ ಸೇರಿಸಬಹುದು. ಖಾಲಿಗೆ ಸರಿಯಾಗಿ ಕೂಡುತ್ತವೆ. ಆಗ ಹಾಡು ಪೂರ್ತಿ ಆಗುತ್ತೆ, ಅಲ್ವಾ ಸರ್?"

ಒಳಗೆ ಹೆಂಗಸರು ಮೂರನೇ ಸಲ ಹಾಕಿಸುತ್ತಿದ್ದರು. ಈಗ ಎರಡು ಮೂರು ಧ್ವನಿಗಳು ಕೂಡಿದ್ದವು.

ಕೊಟ್ರೇಶಪ್ಪನವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಸೇರಿಸಬಹುದು," ಎಂದರು. "ಮುಂದೆ ನೋಡೋರು ಎಲ್ಲಿ ಹಾಡಬೇಕು?"